ಸಿಡಿಲನ್ನು ನೆಲಕ್ಕಿಳಿಸಿದರೆ ಸಾಕೆ?

ಹವ್ಯಾಸಿ ರೇಡಿಯೋ ಕೇಂದ್ರವೊಂದನ್ನು ನೀವು ನೋಡಿರಬಹುದು. ಮನೆಯ ತಾರಸಿಯ ಮೇಲೆ ಎತ್ತರದ ಕಂಬ, ಅದರ ತುದಿಯಲ್ಲಿ ಲೋಹದ ಆಂಟೆನಾ, ಅಲ್ಲಿಂದ ಕಿಟಕಿಯ ಮೂಲಕ ಒಳಗಿಳಿದು ಮೇಜಿನ ಮೇಲಿರುವ ಸೆಟ್ಟನ್ನು ಸೇರುವ ಕೇಬಲ್. ಸರ್ಕಾರದ ಪರವಾನಗಿ ಪಡೆದು ಇಂಥ ಕೇಂದ್ರ ನಡೆಸುವವರನ್ನು 'ಹ್ಯಾಮ್'ಗಳೆಂದು ಕರೆಯುತ್ತಾರೆ. ಉಳಿದ ಸಂಪರ್ಕಗಳೆಲ್ಲ ಕಡಿದುಹೋದಾಗ ಇವರ ನೆರವು ಎಷ್ಟು ಅಮೂಲ್ಯವೆಂಬುದು 2004ರ ಡಿಸೆಂಬರ್‌ನ ಸುನಾಮಿಯ ಸಮಯದಲ್ಲಿ ಅಂಡಮಾನ್ ದ್ವೀಪಗಳಲ್ಲಿ ಸಾಬೀತಾಯಿತು. ಬಿರುಗಾಳಿ ಮಳೆಗಳ ನಂತರವೂ ಕೆಲಸ ಮಾಡಬೇಕಾದ ಸೆಟ್ಟು ಮೊದಲ ಸಿಡಿಲಿಗೇ ಸುಟ್ಟುಹೋದರೆ ಏನು ಪ್ರಯೋಜನ?

ಈಗ ಸಿಡಿಲಿನ ದೃಷ್ಟಿಯಿಂದ ಈ ವ್ಯವಸ್ಥೆಯನ್ನು ಗಮನಿಸಿ. ಎತ್ತರದ ಜಾಗದಲ್ಲಿ ಒಂದು ವಾಹಕವನ್ನು ನಿಲ್ಲಿಸಿ, ಅದರ ಇನ್ನೊಂದು ತುದಿಯನ್ನು ಮನುಷ್ಯ ಕುಳಿತ ಕೊಠಡಿಗೆ ತಂದಂತಾಯಿತು. ಇದಕ್ಕೆ ಪರಿಹಾರವೇನೆಂದು ಹತ್ತನೆಯ ತರಗತಿಯ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ಸಿದ್ಧ: "ಅರ್ತ್ ಮಾಡಬೇಕು." ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಸೆಟ್ಟಿಗೆಂದೇ ಪ್ರತ್ಯೇಕ ಅರ್ತ್ ಕಡ್ಡಿ ಹುಗಿದು, ಶ್ರದ್ಧೆಯಿಂದ ಭೂಸಂಪರ್ಕ ಮಾಡಿದ ಕೇಂದ್ರಗಳಲ್ಲೂ ಸೆಟ್ಟುಗಳು ಸುಟ್ಟುಹೋಗಿವೆ. ಕೆಲವೊಮ್ಮೆ ಆ ಪ್ರತ್ಯೇಕ ಕಡ್ಡಿಯೇ ಸುಡಲು ಕಾರಣ! ಇದು ಹೇಗೆಂದು ಅರಿಯಲು ವಿಜ್ಞಾನಿಗಳಿಗೆ ಸುಮಾರು ಒಂದೂವರೆ ಶತಮಾನ ಬೇಕಾಯಿತು. ಆ ಚರಿತ್ರೆಯೇ ಈ ಲೇಖನದ ವಸ್ತು.

ಒಳಗೆ ಬಂದ ತಂತಿ

ಮಿಂಚು ವಿದ್ಯುತ್ತಿನದೇ ರೂಪವೆಂದು ಬೆಂಜಮಿನ್ ಫ್ರಾಂಕ್ಲಿನ್ ತರ್ಕಿಸಿದ್ದ. ಅವನು ಸೂಚಿಸಿದ್ದ ಪ್ರಯೋಗವನ್ನು 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ, ದಾಲಿಬಾರ್ ಎಂಬಾತನ ಏರ್ಪಾಡಿನಂತೆ ಮಾಡಲಾಯಿತು. ನೆಲದಿಂದ ಬೇರ್ಪಡಿಸಿ ನಿಲ್ಲಿಸಿದ್ದ ಸುಮಾರು 40 ಅಡಿ ಎತ್ತರದ ಕಬ್ಬಿಣದ ಸರಳಿನಿಂದ, ಗುಡುಗು ಮೋಡ ಮೇಲೆ ಹಾದಾಗ ಕಿಡಿಗಳು ಹಾರಿದವು. ಕಟ್ಟಡಗಳಿಗೆ ಮಿಂಚುವಾಹಕವನ್ನು ಹೇಗೆ ಅಳವಡಿಸಬೇಕೆಂದು ಫ್ರಾಂಕ್ಲಿನ್ ತನ್ನ 1753ರ ಪಂಚಾಂಗದಲ್ಲಿ ಪ್ರಕಟಿಸಿದ. ಎತ್ತರದಲ್ಲೊಂದು ಮೊನೆ, ಅಲ್ಲಿಂದ ತೇವವಾದ ನೆಲದವರೆಗೆ ಲೋಹದ ಹಾದಿ. ಇಷ್ಟೇ ಅವನ ಸೂತ್ರ. ಕಟ್ಟಡಗಳ ಮಟ್ಟಿಗೆ ಅದು ಇಂದಿಗೂ ಸರಿಯೇ.

ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗೇಯೋರ್ಗ್ ರಿಕ್‌ಮನ್ ಎಂಬ ಭೌತವಿಜ್ಞಾನಿ ಮಿಂಚಿನ ವಿದ್ಯುತ್ತನ್ನು ಅಳೆಯಬಯಸಿದ. ಮನೆಯ ಮೇಲಿನ ಸರಳಿನಿಂದ ತಂತಿಯನ್ನು ಕೊಠಡಿಯೊಳಗಿದ್ದ ಮಾಪಕಕ್ಕೆ ತಂದ. ಆವೇಶ ನೆಲಕ್ಕೆ ಹರಿದುಹೋದರೆ ಅಳೆಯಲು ಏನೂ ಉಳಿಯದು. ಆದ್ದರಿಂದ ಉದ್ದೇಶಪೂರ್ವಕವಾಗಿಯೇ ಭೂಸಂಪರ್ಕ ಕೊಡಲಿಲ್ಲ. 1753ರ ಆಗಸ್ಟ್ 6ರಂದು ಗುಡುಗು ಕೇಳಿಸಿದಾಗ ಆತ ಮಾಪಕದ ಬಳಿ ಬಾಗಿ ನಿಂತಿದ್ದ. ಅದರಿಂದ ಹಾರಿದ ಸಿಡಿಲು ಅವನನ್ನು ಸ್ಥಳದಲ್ಲೇ ಕೊಂದಿತು. ಹೊರಗಿನ ಎತ್ತರದ ವಾಹಕ, ಒಳಗಿನ ಸೂಕ್ಷ್ಮ ಉಪಕರಣ, ಅದರ ಮುಂದೆ ಮನುಷ್ಯ. ಹ್ಯಾಮ್ ಕೇಂದ್ರದ ಅಪಾಯಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಸಿಗದು.

ತಾಕದೆಯೂ ತಟ್ಟುವ ಸಿಡಿಲು

ಕಟ್ಟಡಕ್ಕೆ ಸಿಡಿಲು ಬಡಿಯಬೇಕಾದರೆ ಅದು ಅಲ್ಲಿಗೇ ಬರಬೇಕು. ತಂತಿಗೆ ಹಾಗಲ್ಲ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜೋಸೆಫ್ ಹೆನ್ರಿ 1840ರ ದಶಕದ ಆರಂಭದಲ್ಲಿ ಒಂದು ಸರಳ ಪ್ರಯೋಗ ಮಾಡಿದ. ತನ್ನ ಮನೆಯ ಲೋಹದ ಚಾವಣಿಗೆ ತಂತಿ ಜೋಡಿಸಿ, ಅದನ್ನು ಒಂದು ಸುರುಳಿಯ ಮೂಲಕ ಹಾಯಿಸಿ, ಕೊನೆಯನ್ನು ಬಾವಿಗೆ ಇಳಿಸಿದ. ಸುರುಳಿಯೊಳಗೆ ಉಕ್ಕಿನ ಸೂಜಿಯನ್ನಿಟ್ಟ. ಹಲವು ಮೈಲಿ ದೂರದಲ್ಲಿ ಮಿಂಚಿದಾಗಲೂ ಸೂಜಿ ಕಾಂತವಾಯಿತು! ಎಂದರೆ, ಸಿಡಿಲು ತಾಕದಿದ್ದರೂ ತಂತಿಯಲ್ಲಿ ಪ್ರವಾಹ ಪ್ರೇರಿತವಾಗಿತ್ತು. ಟೆಲಿಗ್ರಾಫ್ ತಂತಿಗಳ ಮೇಲೆ ಮಿಂಚಿನ ಪರಿಣಾಮವನ್ನು ಆತ 1846ರಲ್ಲಿ ವಿವರಿಸಿದ.

ಟೆಲಿಗ್ರಾಫ್ ಆಗ ವೇಗವಾಗಿ ಹರಡುತ್ತಿತ್ತು. ನಮ್ಮ ದೇಶದಲ್ಲೂ 1851ರಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವಣ ಮಾರ್ಗ ಶುರುವಾಯಿತು. ಬಯಲಿನಲ್ಲಿ ಮೈಲಿಗಟ್ಟಲೆ ಚಾಚಿದ ತಂತಿ ಮಿಂಚಿಗೆ ಹಾಸಿದ ಬಲೆಯಂತೆ. ಉಪಕರಣಗಳ ಸುರುಳಿಗಳು ಕರಗಿಹೋಗುವುದನ್ನು ತಪ್ಪಿಸಲು ಇಂಜಿನಿಯರುಗಳು ಒಂದು ಉಪಾಯ ಹೂಡಿದರು. ಎರಡು ಲೋಹದ ತಟ್ಟೆಗಳನ್ನು ಕೂದಲೆಳೆಯಷ್ಟು ಅಂತರದಲ್ಲಿ ಎದುರುಬದುರಾಗಿ ಇಟ್ಟು, ಒಂದನ್ನು ತಂತಿಗೂ ಇನ್ನೊಂದನ್ನು ನೆಲಕ್ಕೂ ಜೋಡಿಸಿದರು. ಸಂದೇಶದ ಅಲ್ಪ ವೋಲ್ಟೇಜು ಆ ಸಂದನ್ನು ದಾಟಲಾರದು. ಮಿಂಚಿನ ಭಾರೀ ವೋಲ್ಟೇಜು ದಾಟಿ ನೆಲ ಸೇರುತ್ತದೆ. ಇಂದು ಆಂಟೆನಾ ಕೇಬಲ್ಲಿಗೆ ಜೋಡಿಸುವ ಅನಿಲ ವಿಸರ್ಜನ ನಳಿಕೆ ಇದೇ ತತ್ತ್ವದ ಸುಧಾರಿತ ರೂಪ. ವಾಯುವಿನ ಬದಲು ಮೊಹರು ಮಾಡಿದ ಕೊಳವೆಯಲ್ಲಿ ಅನಿಲವಿದೆ, ಅಷ್ಟೆ.

ಇಷ್ಟಾದರೂ ಉಪಕರಣಗಳು ಆಗಾಗ ಸುಡುತ್ತಲೇ ಇದ್ದವು. ದಪ್ಪ ತಾಮ್ರದ ಸುಲಭ ಹಾದಿಯಿರುವಾಗ ಸಿಡಿಲು ಅದನ್ನು ಬಿಟ್ಟು ಪಕ್ಕದ ಉಪಕರಣಕ್ಕೆ ಏಕೆ ಹಾರಬೇಕು?

ಮ್ಯಾಕ್ಸ್‌ವೆಲ್ಲನ ಮದ್ದಿನ ಮನೆ

ಉತ್ತರದ ಮೊದಲ ಅರ್ಧ ಬಂದದ್ದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನಿಂದ. ಅದಕ್ಕೆ ಹಿನ್ನೆಲೆ ಫ್ಯಾರಡೆಯ ಪ್ರಯೋಗ. 1836ರಲ್ಲಿ ಮೈಕೆಲ್ ಫ್ಯಾರಡೆ 12 ಅಡಿಯ ಘನಾಕಾರದ ಗೂಡನ್ನು ಕಟ್ಟಿ, ಹೊರಮೈಗೆ ವಾಹಕ ಹೊದಿಸಿ, ಕಿಡಿ ಹಾರುವಷ್ಟು ಆವೇಶ ಕೊಡಿಸಿ, ತಾನೇ ಒಳಗೆ ಹೋಗಿ ಕುಳಿತ. ಅವನ ಸೂಕ್ಷ್ಮ ಮಾಪಕಗಳು ಒಳಗೆ ಏನನ್ನೂ ತೋರಿಸಲಿಲ್ಲ.

ಮದ್ದಿನ ಮನೆಗಳ ರಕ್ಷಣೆ ಆ ಕಾಲದ ದೊಡ್ಡ ಚಿಂತೆಯಾಗಿತ್ತು. 1769ರಲ್ಲಿ ಇಟಲಿಯ ಬ್ರೆಸ್ಸಿಯಾದಲ್ಲಿ ಮದ್ದಿನ ದಾಸ್ತಾನಿಗೆ ಸಿಡಿಲು ಬಡಿದು ನಗರದ ಒಂದು ಭಾಗವೇ ನೆಲಸಮವಾಗಿತ್ತು. 1876ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ನಿನ ಅಧಿವೇಶನದಲ್ಲಿ ಮ್ಯಾಕ್ಸ್‌ವೆಲ್ ಪ್ರಶ್ನೆಯನ್ನೇ ಬದಲಿಸಿದ. ಸಿಡಿಲನ್ನು ನೆಲಕ್ಕೆ ಸಾಗಿಸುವುದು ನಮ್ಮ ಗುರಿಯಲ್ಲ. ಕಟ್ಟಡದೊಳಗೆ ಕಿಡಿ ಹಾರದಂತೆ ನೋಡಿಕೊಳ್ಳುವುದು ಗುರಿ. ಕಿಡಿ ಹಾರಬೇಕಾದರೆ ಎರಡು ಬಿಂದುಗಳ ನಡುವೆ ವಿಭವಾಂತರ ಇರಬೇಕು. ಇಡೀ ಕಟ್ಟಡವನ್ನು ತಾಮ್ರದ ತಗಡಿನಿಂದ ಮುಚ್ಚಿದರೆ ಎಲ್ಲ ಬಿಂದುಗಳ ವಿಭವ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದೆ. ಆಗ ಭೂಸಂಪರ್ಕವೂ ಅನಿವಾರ್ಯವಲ್ಲ! ತಗಡಿನ ಬದಲು ಬುನಾದಿ, ಮೂಲೆ, ಚಾವಣಿಗಳ ಅಂಚಿನಲ್ಲಿ ದಪ್ಪ ತಾಮ್ರದ ತಂತಿಯ ಪಂಜರ ಕಟ್ಟಿದರೂ ಸಾಕೆಂದು ಆತ ಹೇಳಿದ. ಒಂದು ಮುಖ್ಯ ಷರತ್ತನ್ನೂ ವಿಧಿಸಿದ. ಹೊರಗಿನಿಂದ ಒಳಗೆ ಬರುವ ನೀರು ಅಥವಾ ಅನಿಲದ ಲೋಹದ ಕೊಳವೆಗಳನ್ನು ಆ ಪಂಜರಕ್ಕೆ ಜೋಡಿಸಿರಬೇಕು.

ಕೆರೆ ತುಂಬಿದಾಗ ತೇಲುವ ದೋಣಿಗಳೆಲ್ಲ ಒಂದೇ ಸಮನೆ ಮೇಲೇರುತ್ತವೆ, ಯಾವುದಕ್ಕೂ ಅಪಾಯವಿಲ್ಲ. ಒಂದು ದೋಣಿಯನ್ನು ತಳದ ಬಂಡೆಗೆ ಗಿಡ್ಡ ಹಗ್ಗದಿಂದ ಕಟ್ಟಿದ್ದರೆ ಅದು ಮಾತ್ರ ಮುಳುಗುತ್ತದೆ. ಮ್ಯಾಕ್ಸ್‌ವೆಲ್ಲನ ವಿಚಾರವನ್ನು ಹೀಗೆ ನೆನಪಿಡಬಹುದು.

ಲಾಜ್ ಕಂಡ ಅಡ್ಡಿ

ಉಳಿದ ಅರ್ಧವನ್ನು ತುಂಬಿದವನು ಲಿವರ್‌ಪೂಲಿನ ಭೌತವಿಜ್ಞಾನ ಪ್ರಾಧ್ಯಾಪಕ ಆಲಿವರ್ ಲಾಜ್. 1888ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಮಿಂಚುವಾಹಕಗಳ ಬಗ್ಗೆ ಉಪನ್ಯಾಸ ಕೊಡಲು ಆತ ಲೇಡನ್ ಜಾಡಿಗಳನ್ನೇ ಪುಟ್ಟ ಸಿಡಿಲುಗಳಾಗಿ ಬಳಸಿದ. ಜಾಡಿಯ ವಿಸರ್ಜನೆಗೆ ಎರಡು ಹಾದಿಗಳನ್ನು ಒದಗಿಸಿದ. ಒಂದು, ರೋಧವೇ ಇಲ್ಲವೆನ್ನಬಹುದಾದ ದಪ್ಪ ತಾಮ್ರದ ತಂತಿ. ಇನ್ನೊಂದು, ವಾಯುವಿನ ಸಂದು. ಓಮ್‌ನ ನಿಯಮದಂತೆ ಎಲ್ಲವೂ ತಾಮ್ರದಲ್ಲೇ ಹರಿಯಬೇಕಿತ್ತು. ಆದರೆ ಕಿಡಿ ವಾಯುವನ್ನು ಭೇದಿಸಿ ಹಾರಿತು!

ಕಾರಣ ಸ್ವಪ್ರೇರಣೆ. ಪ್ರವಾಹ ಬದಲಾಗುವಾಗ ತಂತಿಯೇ ಅದಕ್ಕೆ ಅಡ್ಡಿಯೊಡ್ಡುತ್ತದೆ. ಬದಲಾವಣೆಯ ದರ ಹೆಚ್ಚಿದಷ್ಟೂ ಅಡ್ಡಿ ಹೆಚ್ಚು. ಒಂದು ಲೆಕ್ಕ ಮಾಡಿ ನೋಡೋಣ. 10 ಮೀಟರ್ ಉದ್ದ, 16 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧ ಸುಮಾರು 0.01 ಓಮ್. ಸಿಡಿಲಿನ ಪ್ರವಾಹ 30,000 ಆಂಪಿಯರ್ ಎಂದರೂ ರೋಧದಿಂದ ತಂತಿಯುದ್ದಕ್ಕೂ ಉಂಟಾಗುವ ವಿಭವಾಂತರ ಕೇವಲ 300 ವೋಲ್ಟ್. ಇಂಥ ತಂತಿಯ ಪ್ರೇರಕತೆಯಾದರೋ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ. ಒಟ್ಟು 10 ಮೈಕ್ರೋಹೆನ್ರಿ. ಪ್ರವಾಹ ಪ್ರತಿ ಮೈಕ್ರೋಸೆಕೆಂಡಿಗೆ 10,000 ಆಂಪಿಯರಿನಂತೆ ಏರಿದರೆ ತಂತಿಯ ಎರಡು ತುದಿಗಳ ನಡುವೆ 1 ಲಕ್ಷ ವೋಲ್ಟ್! ತಂತಿಯ ಕೆಳತುದಿ ಎಷ್ಟೇ ಚೆನ್ನಾಗಿ ಭೂಸಂಪರ್ಕ ಹೊಂದಿದ್ದರೂ ಮೇಲ್ತುದಿ 1 ಲಕ್ಷ ವೋಲ್ಟಿನಲ್ಲೇ ಇರುತ್ತದೆ. ಎರಡನೆಯ ಮಹಡಿಯ ರೇಡಿಯೋ ಕೊಠಡಿಯಿಂದ ನೆಲದವರೆಗೆ ಇಳಿಸಿದ ಅರ್ತ್ ತಂತಿ ಸಿಡಿಲಿನ ಕ್ಷಣದಲ್ಲಿ ಭೂಸಂಪರ್ಕವೇ ಅಲ್ಲ ಎನ್ನುವುದು ಇದರಿಂದ ಸ್ಪಷ್ಟ.

ಅಂಚೆ ಇಲಾಖೆಯ ಮುಖ್ಯ ವಿದ್ಯುತ್ ತಜ್ಞ ವಿಲಿಯಂ ಪ್ರೀಸ್ ಇದನ್ನು ಒಪ್ಪಲಿಲ್ಲ. ಅಸಂಖ್ಯ ಟೆಲಿಗ್ರಾಫ್ ಕಂಬಗಳ ಅನುಭವ ಅವನ ಬೆಂಬಲಕ್ಕಿತ್ತು. 1888ರ ಸೆಪ್ಟೆಂಬರ್‌ನಲ್ಲಿ ಬಾತ್ ನಗರದ ಅಧಿವೇಶನದಲ್ಲಿ ಇಬ್ಬರ ವಾದ ಬಹಿರಂಗವಾಗಿಯೇ ನಡೆಯಿತು. ಲಾಜ್ ಹೇಳಿದ್ದೆಲ್ಲವೂ ಉಳಿಯಲಿಲ್ಲ. ಲೇಡನ್ ಜಾಡಿಯಂತೆ ಸಿಡಿಲೂ ಹಿಂದೆ ಮುಂದೆ ಆಂದೋಲಿಸುತ್ತದೆ ಎಂದು ಆತ ಭಾವಿಸಿದ್ದ. ಸಿಡಿಲಿನ ಪ್ರವಾಹ ಸಾಮಾನ್ಯವಾಗಿ ಒಂದೇ ದಿಕ್ಕಿನದೆಂದು ಮುಂದೆ ಅಳತೆಗಳು ತೋರಿಸಿದವು. ಆದರೆ ಪ್ರವಾಹದ ಏರಿಕೆಯೇ ಕಡಿದಾಗಿರುವುದರಿಂದ ಸ್ವಪ್ರೇರಣೆಯ ವಾದ ಗಟ್ಟಿಯಾಗಿ ನಿಂತಿತು. ಮೇಲಿನ 30,000 ಆಂಪಿಯರ್ ಸಹ ಊಹೆಯ ಸಂಖ್ಯೆಯಲ್ಲ. ಸ್ವಿಟ್ಜರ್ಲೆಂಡಿನ ಸಾನ್ ಸಾಲ್ವತೋರೆ ಬೆಟ್ಟದಲ್ಲಿ ಕಾರ್ಲ್ ಬರ್ಗರ್ 1940ರ ದಶಕದಿಂದ ಹಲವು ವರ್ಷ ಅಳೆದ ಸಿಡಿಲುಗಳ ಮಧ್ಯಕ ಮೌಲ್ಯ ಅದು.

ಸಿಡಿಲಿನಿಂದಲೇ ರೇಡಿಯೋ

ಇಲ್ಲಿ ಚರಿತ್ರೆ ಒಂದು ಸ್ವಾರಸ್ಯಕರ ತಿರುವು ಪಡೆಯುತ್ತದೆ. ಸಿಡಿಲಿನ ರಕ್ಷಣೆಗೆಂದು ಮಾಡಿದ ಪ್ರಯೋಗಗಳಲ್ಲಿ ಲಾಜ್ ತಂತಿಯುದ್ದಕ್ಕೂ ಸಾಗುವ ವಿದ್ಯುತ್ಕಾಂತೀಯ ತರಂಗಗಳನ್ನು ಕಂಡ. ಅದೇ 1888ರಲ್ಲಿ ಜರ್ಮನಿಯ ಹೈನ್ರಿಶ್ ಹರ್ಟ್ಜ್ ಅವುಗಳನ್ನು ಮುಕ್ತ ಅವಕಾಶದಲ್ಲಿ ತೋರಿಸಿ ಕೀರ್ತಿ ಪಡೆದ. ಮರುವರ್ಷ ಟೆಲಿಗ್ರಾಫ್ ಉಪಕರಣಗಳ ರಕ್ಷಕಗಳನ್ನು ಪರೀಕ್ಷಿಸುವಾಗ ಲಾಜ್ ಇನ್ನೊಂದನ್ನು ಗಮನಿಸಿದ. ಬಹಳ ಹತ್ತಿರವಿಟ್ಟ ಎರಡು ಲೋಹದ ಗುಂಡುಗಳು ಕಿಡಿ ಹಾರಿದಾಗ ಅಂಟಿಕೊಂಡು ವಿದ್ಯುತ್ ಹರಿಯಲು ಬಿಡುತ್ತಿದ್ದವು. ಫ್ರಾನ್ಸಿನ ಬ್ರಾನ್ಲಿ ತಯಾರಿಸಿದ ಲೋಹದ ಪುಡಿಯ ನಳಿಕೆಯೂ ಇದೇ ರೀತಿ ವರ್ತಿಸುತ್ತಿತ್ತು. ಇಂಥ ಸಾಧನಕ್ಕೆ ಲಾಜ್ 'ಕೊಹೆರರ್' ಎಂದು ಹೆಸರಿಟ್ಟು 1894ರಲ್ಲಿ ಪ್ರದರ್ಶಿಸಿದ. ಮೊದಲ ರೇಡಿಯೋ ಗ್ರಾಹಕಗಳ ಹೃದಯ ಇದೇ.

ಆ ಪ್ರಯೋಗಗಳಿಂದ ಪ್ರೇರಿತನಾದ ಅಲೆಕ್ಸಾಂಡರ್ ಪೊಪೋವ್ 1895ರ ಮೇ 7ರಂದು ತೋರಿಸಿದ ಗ್ರಾಹಕ ದೂರದ ಮಿಂಚನ್ನು ಗ್ರಹಿಸಿ ಗಂಟೆ ಬಾರಿಸುತ್ತಿತ್ತು. ಸ್ಥಳ ಸೇಂಟ್ ಪೀಟರ್ಸ್‌ಬರ್ಗ್, ರಿಕ್‌ಮನ್ ಸತ್ತ ಊರು. ಮಿಂಚನ್ನು ಅಳೆಯಬೇಕೆಂಬ ರಿಕ್‌ಮನ್ನನ ಆಸೆ 142 ವರ್ಷಗಳ ನಂತರ ಅಪಾಯವಿಲ್ಲದ ದೂರದಿಂದ ಈಡೇರಿತು. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿದ 'ದಾಮಿನಿ' ಮೊಬೈಲ್ ತಂತ್ರಾಂಶದ ಹಿಂದಿರುವ ಜಾಲವೂ ಮಿಂಚು ಹೊಮ್ಮಿಸುವ ರೇಡಿಯೋ ತರಂಗಗಳನ್ನೇ ಆಲಿಸುತ್ತದೆ.

20ನೆಯ ಶತಮಾನದ ಆರಂಭದ ಹ್ಯಾಮ್‌ಗಳು ಕಿಟಕಿಯ ಹೊರಗೆ ದೊಡ್ಡ ಚಾಕು ಸ್ವಿಚ್ಚನ್ನು ಹಾಕಿ, ಕೇಂದ್ರ ಮುಚ್ಚಿದಾಗ ಆಂಟೆನಾವನ್ನು ನೇರ ನೆಲಕ್ಕೆ ಜೋಡಿಸುತ್ತಿದ್ದರು. ಅವರ ನಿರ್ವಾತ ನಳಿಕೆಯ ಸೆಟ್ಟುಗಳು ಸಣ್ಣ ಪ್ರೇರಿತ ಆಘಾತಗಳನ್ನು ತಾಳಿಕೊಳ್ಳುತ್ತಿದ್ದವು. ಟ್ರಾನ್ಸಿಸ್ಟರ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇಂದಿನ ಕೆಲವು ಅರೆವಾಹಕ ಸಾಧನಗಳ ನಿರೋಧಕ ಪದರ ಕೆಲವೇ ಹತ್ತು ವೋಲ್ಟುಗಳಿಗೆ ತೂತಾಗುತ್ತದೆ. ಹೆನ್ರಿಯ ಸೂಜಿಯನ್ನು ಕಾಂತವಾಗಿಸಿದಷ್ಟು ಪ್ರೇರಿತ ಪ್ರವಾಹವೇ ಅವಕ್ಕೆ ಮಾರಕವಾಗಬಹುದು.

ಪ್ರಯೋಗಾಲಯದ ಸಿಡಿಲು, ಸತುವಿನ ಕಾವಲು

ರಕ್ಷಕ ಸಾಧನಗಳನ್ನು ಪರೀಕ್ಷಿಸಲು ನಿಜವಾದ ಸಿಡಿಲಿಗೆ ಕಾಯುವಂತಿಲ್ಲ. 1922ರಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಕೃತಕ ಸಿಡಿಲನ್ನು ಪ್ರದರ್ಶಿಸಿದ. ಅದೇ ದಶಕದಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸ್, ಧಾರಕಗಳನ್ನು ಸಮಾಂತರವಾಗಿ ಆವಿಷ್ಟಗೊಳಿಸಿ ಶ್ರೇಣಿಯಲ್ಲಿ ವಿಸರ್ಜಿಸುವ ಜನಕವನ್ನು ರೂಪಿಸಿದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧಿಕ ವೋಲ್ಟೇಜ್ ಪ್ರಯೋಗಾಲಯದಲ್ಲೂ ಇಂಥ ಜನಕವಿದೆ.

ವೋಲ್ಟೇಜು ಮಿತಿ ಮೀರಿದಾಗ ಮಾತ್ರ ಬಾಗಿಲು ತೆರೆಯುವ ವಸ್ತುಗಳ ಹುಡುಕಾಟವೂ ನಡೆಯಿತು. ಮೊದಲು ಸಿಕ್ಕಿದ್ದು ಸಿಲಿಕಾನ್ ಕಾರ್ಬೈಡ್. ಅದರಲ್ಲಿ ಪ್ರವಾಹ ವೋಲ್ಟೇಜಿನ ಸುಮಾರು 4ನೆಯ ಘಾತಕ್ಕೆ ಅನುಪಾತವಾಗಿರುತ್ತದೆ. ಜಪಾನಿನ ಮಿಚಿಯೊ ಮತ್ಸುವೋಕ 1971ರಲ್ಲಿ ವರದಿ ಮಾಡಿದ ಸತುವಿನ ಆಕ್ಸೈಡಿನ ಪಿಂಗಾಣಿಯಲ್ಲಿ ಈ ಘಾತ 30ನ್ನೂ ಮೀರಬಹುದು. ವೋಲ್ಟೇಜು ಶೇಕಡಾ 10 ಏರಿದರೆ ಮೊದಲನೆಯದರಲ್ಲಿ ಪ್ರವಾಹ ಒಂದೂವರೆ ಪಟ್ಟು, ಎರಡನೆಯದರಲ್ಲಿ ಸುಮಾರು 17 ಪಟ್ಟು! ಇಂದು 'ಸರ್ಜ್ ಪ್ರೊಟೆಕ್ಟರ್' ಎಂದು ಮಾರಾಟವಾಗುವ ಬಹಳಷ್ಟು ಸಾಧನಗಳೊಳಗೆ ಇರುವುದು ಈ ಬಿಲ್ಲೆ. ಇದನ್ನು 'ವ್ಯಾರಿಸ್ಟರ್' ಎನ್ನುತ್ತಾರೆ.

ಆದರೆ ಇದರ ಮಿತಿಯನ್ನೂ ತಿಳಿದಿರಬೇಕು. ವ್ಯಾರಿಸ್ಟರ್ ತಡೆಯುವುದು ಮೈಕ್ರೋಸೆಕೆಂಡುಗಳ ಆಘಾತವನ್ನು. ನಮ್ಮ ಬೀದಿಗಳಲ್ಲಿ ನ್ಯೂಟ್ರಲ್ ತಂತಿ ಕಡಿದಾಗ 230 ವೋಲ್ಟ್ ಇರಬೇಕಾದಲ್ಲಿ 400 ವೋಲ್ಟಿನವರೆಗೆ ಏರಿ ನಿಮಿಷಗಟ್ಟಲೆ ನಿಲ್ಲಬಹುದು. ಆಗ ವ್ಯಾರಿಸ್ಟರ್ ತಾನೇ ಕಾದು ಸುಡುತ್ತದೆ. ಅದಕ್ಕೆ ಬೇಕಾದುದು ವೋಲ್ಟೇಜು ಮೀರಿದಾಗ ಸಂಪರ್ಕವನ್ನೇ ಕಡಿಯುವ ಸಾಧನ. ಇವೆರಡು ಬೇರೆ ಬೇರೆ ರೋಗಗಳು. ಒಂದರ ಔಷಧ ಇನ್ನೊಂದಕ್ಕೆ ನಾಟದು.

ಎರಡು ಅರ್ತ್‌ಗಳ ಅಪಾಯ

ಆರಂಭದ ಪ್ರಶ್ನೆಗೆ ಈಗ ಮರಳೋಣ. ಹ್ಯಾಮ್ ಒಬ್ಬ ಆಂಟೆನಾ ಕಂಬದ ಬುಡದಲ್ಲಿ ಒಂದು ಅರ್ತ್ ಕಡ್ಡಿ ಹುಗಿದಿದ್ದಾನೆ. ಅದರ ರೋಧ 10 ಓಮ್ ಇರಲಿ. ಮನೆಯ ವಿದ್ಯುತ್ ಸರಬರಾಜಿನ ಅರ್ತ್ ಅಂಗಳದ ಆಚೆ ಬದಿಯಲ್ಲಿದೆ. ಎರಡಕ್ಕೂ ಸಂಬಂಧವಿಲ್ಲ. ಕಂಬಕ್ಕೆ 30,000 ಆಂಪಿಯರಿನ ಸಿಡಿಲು ಬಡಿದರೆ ಮೊದಲ ಕಡ್ಡಿಯ ವಿಭವ ದೂರದ ನೆಲಕ್ಕೆ ಹೋಲಿಸಿದಾಗ 3 ಲಕ್ಷ ವೋಲ್ಟಿಗೆ ಏರಲು ನೋಡುತ್ತದೆ. ಎರಡನೆಯದು ಬಹುಮಟ್ಟಿಗೆ ಮೊದಲಿದ್ದಲ್ಲೇ ಇರುತ್ತದೆ. ಇವೆರಡರ ನಡುವೆ ಇರುವ ಏಕೈಕ ಸೇತುವೆ ಯಾವುದು? ಒಂದು ಕಡೆ ಆಂಟೆನಾ ಕೇಬಲ್, ಇನ್ನೊಂದು ಕಡೆ ಮೂರು ಪಿನ್ನಿನ ಪ್ಲಗ್, ನಡುವೆ ಸೆಟ್ಟು! ಪ್ರವಾಹ ಹರಿಯುವುದು ಅದರ ಮೂಲಕವೇ. ಸೆಟ್ಟಿನ ಮೇಲೆ ಆತನ ಕೈಯಿದ್ದರೆ ಆತನ ಮೂಲಕವೂ.

ಪರಿಹಾರವನ್ನು ಮ್ಯಾಕ್ಸ್‌ವೆಲ್ 1876ರಲ್ಲೇ ಹೇಳಿದ್ದ. ಒಳಗೆ ಬರುವ ಆಂಟೆನಾ ಕೇಬಲ್, ವಿದ್ಯುತ್ ತಂತಿ, ದೂರವಾಣಿ ತಂತಿ ಎಲ್ಲವೂ ಒಂದೇ ಜಾಗದಲ್ಲಿ ಮನೆಯನ್ನು ಪ್ರವೇಶಿಸಲಿ. ಅಲ್ಲೊಂದು ಲೋಹದ ಫಲಕವಿರಲಿ. ಕೇಬಲ್ಲಿನ ಹೊರ ಜಾಲರಿ, ಅನಿಲ ನಳಿಕೆಗಳು, ವ್ಯಾರಿಸ್ಟರುಗಳು ಎಲ್ಲವನ್ನೂ ಆ ಫಲಕಕ್ಕೇ ಜೋಡಿಸಬೇಕು. ಫಲಕದಿಂದ ನೆಲಕ್ಕೆ ಹೋಗುವ ವಾಹಕ ಲಾಜ್ ಕಲಿಸಿದಂತೆ ಗಿಡ್ಡವಾಗಿ, ನೇರವಾಗಿ, ದುಂಡು ತಂತಿಯ ಬದಲು ಅಗಲವಾದ ಪಟ್ಟಿಯಾಗಿರಬೇಕು. ಕಂಬದ ಅರ್ತ್ ಮತ್ತು ಮನೆಯ ಅರ್ತ್‌ಗಳನ್ನು ನೆಲದೊಳಗೆ ದಪ್ಪ ವಾಹಕದಿಂದ ಬೆಸೆಯಬೇಕು. ಮನೆಯ ವಿದ್ಯುತ್ ಅರ್ತ್‌ಗೆ ಸಂಬಂಧಿಸಿದ ಈ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು. ಭಾರತೀಯ ಮಾನಕ ಬ್ಯೂರೋ ಅಂಗೀಕರಿಸಿರುವ ಅಂತರರಾಷ್ಟ್ರೀಯ ಮಾನಕ 62305 ಸಹ ಹೀಗೆ ಎಲ್ಲವನ್ನೂ ಸಮವಿಭವಕ್ಕೆ ತರುವ ಬೆಸುಗೆಗೆ ಪ್ರಮುಖ ಸ್ಥಾನ ಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ನೇರವಾಗಿ ಬಡಿಯುವ ಸಿಡಿಲಿನಿಂದ ಸೆಟ್ಟು ಉಳಿದೇ ಉಳಿಯುತ್ತದೆಂಬ ಖಾತರಿಯಿಲ್ಲ. ಅತ್ಯಂತ ಅಗ್ಗದ, ಅತ್ಯಂತ ಭದ್ರವಾದ ಉಪಾಯ ಹಳೆಯದೇ. ಆಂಟೆನಾ ಕೇಬಲ್ಲನ್ನೂ ಪ್ಲಗ್ಗನ್ನೂ ಮೊದಲೇ ಕಳಚಿಡುವುದು. ಕೇಬಲ್ಲಿನ ತುದಿಯನ್ನು ಕೊಠಡಿಯೊಳಗೆ ಬಿಡದೆ ಹೊರಗೆ ಭೂಸಂಪರ್ಕದಲ್ಲಿಡುವುದು. 'ಮೊದಲೇ' ಎಂಬುದನ್ನು ಗಮನಿಸಿ. ಗುಡುಗು ಶುರುವಾದ ಮೇಲೆ ಕಳಚಲು ಹೋದವರು ರಿಕ್‌ಮನ್ನನ ಜಾಗದಲ್ಲೇ ನಿಂತಂತೆ. ಮಿಂಚಿಗೂ ಗುಡುಗಿಗೂ ನಡುವಣ ಅಂತರ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು 10 ಕಿಲೋಮೀಟರಿನೊಳಗೆ ಇದೆಯೆಂದು ಅರ್ಥ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಆಂಟೆನಾದ ಹತ್ತಿರ ಸುಳಿಯಬಾರದು. ನಮ್ಮ ರಾಜ್ಯದಲ್ಲಿ ಮುಂಗಾರಿಗೆ ಮೊದಲ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು.

ಶಿಕ್ಷಕರಿಗೆ ಒಂದು ಸಲಹೆ. ಮೋಡವಿಲ್ಲದ ದಿನ ಪುಟ್ಟ ಎಫ್.ಎಂ. ರೇಡಿಯೋವೊಂದನ್ನು ಹಾಕಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದೊಳಗೆ ಇಡಿ. ಕೇಂದ್ರದ ಧ್ವನಿ ಅಡಗಿ ಗೊರಗೊರ ಸದ್ದಷ್ಟೇ ಉಳಿಯುತ್ತದೆ. ಈಗ ಪ್ಲಾಸ್ಟಿಕ್ ಹೊದಿಕೆಯ ತಂತಿಯೊಂದನ್ನು ಅದರ ಆಂಟೆನಾಕ್ಕೆ ಸಿಕ್ಕಿಸಿ, ಮುಚ್ಚಳದ ಸಂದಿನಿಂದ ಹೊರಗೆ ಚಾಚಿ. ಧ್ವನಿ ಮರಳಿ ಬರುತ್ತದೆ. ಡಬ್ಬ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಬೆಸೆಯದೆ ಒಳಬಂದ ಒಂದೇ ಒಂದು ತಂತಿ ರಕ್ಷಣೆಯನ್ನು ಮುರಿಯುತ್ತದೆ. ಇಲ್ಲಿ ಒಳಬಂದದ್ದು ಹಾಡು; ಮಳೆಗಾಲದಲ್ಲಿ ಬರುವುದು ಸಿಡಿಲು. ಮಿಂಚುವಾಹಕದ ಪಾಠ ಮಾಡುವಾಗ "ನೆಲಕ್ಕೆ ಜೋಡಿಸಬೇಕು" ಎಂಬ ವಾಕ್ಯದ ಜೊತೆಗೆ "ಎಲ್ಲವನ್ನೂ ಒಂದಕ್ಕೊಂದು ಜೋಡಿಸಬೇಕು" ಎಂಬ ಇನ್ನೊಂದು ವಾಕ್ಯವನ್ನೂ ಸೇರಿಸಿ. ಅದನ್ನು ಕಲಿತ ವಿದ್ಯಾರ್ಥಿ ಮುಂದೆ ಮನೆ ಕಟ್ಟಿಸುವಾಗಲೋ ಆಂಟೆನಾ ನಿಲ್ಲಿಸುವಾಗಲೋ ಎರಡು ಅರ್ತ್‌ಗಳನ್ನು ಬೇರೆ ಬೇರೆ ಬಿಡಲಾರ.